ಟೂರಿಂಗೋ ಜಿಟಿಯೋ, ಮತ್ತು ಒಂದು ಸೋಮವಾರ

ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಜಗಳಾಡುವುದನ್ನು ನಮ್ಮ ಕಡೆ ಕಾಣದವರಿಲ್ಲ. ಆದರೆ ನಾನೂ ನನ್ನಣ್ಣನೂ ಆಡುತ್ತಿದ್ದ ಜಗಳವನ್ನು ಕೊಟ್ಟೂರಿನ ಬೇರೆ ಯಾವ ಮನೆಯಲ್ಲೂ ಆಡಿರಲಾರರು. ಟೂರಿಂಗ್ ಕಾರುಗಳ ರೇಸ್ ಮೇಲೋ, ಜಿಟಿ ಕಾರುಗಳ ರೇಸ್ ಮೇಲೋ ಎಂಬುದು ನಮ್ಮ ಜಗಳ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಓಣಿಗೆ ಕೇಬಲ್ ಟಿವಿ ಬಂದ ಹೊಸತು. ಭಾನುವಾರ ಮಧ್ಯಾಹ್ನ ಊರೆಲ್ಲ ಸಿನಿಮಾ ಹಾಕಿಕೊಂಡು ಕೂತಿದ್ದರೆ ನಾವಿಬ್ಬರೂ ಆಟೋಟದ ಚಾನೆಲ್ ಹಾಕಿ ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದೆವು. ಅವ್ವ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿ, "ಪ್ಯಾಸಿಂಜರ್ ಇಲ್ಲ, ಬಾಡಿಗಿ ಇಲ್ಲ, ಹೊಂಟ ಜಾಗಕ್ಕ ತಿರುಗಿ ಬರ್ತಾವ. ಇದರಾಗ ಹೆಚ್ಚು ಏನು, ಕಡಿಮಿ ಏನು?" ಎಂದು ಒಳಗೆ ಹೋಗುತ್ತಿದ್ದಳು.

ನಮ್ಮದು ಗ್ಯಾರೇಜಿನ ಮನೆ. ಕೂಡ್ಲಿಗಿ ರಸ್ತೆಗೆ ಮುಖ ಮಾಡಿ ಅಣ್ಣನ ತಗಡಿನ ಶೆಡ್ಡು, ಅದರ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಅಣ್ಣ ಹೊಸಪೇಟೆಯಲ್ಲಿ ಎಂಟು ವರ್ಷ ಸ್ಪ್ಯಾನರ್ ಹಿಡಿದು ಕೆಲಸ ಕಲಿತು ಬಂದವನು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ನಾನು ಪಿಯುಸಿ ಮುಗಿಸಿ ಹೊಲಿಗೆ ಕಲಿತೆ. ಒಂದೆರಡು ವರ್ಷ ರವಿಕೆ ಹೊಲಿದು, ತೋಳು ಬಿಗಿ ಕುತ್ತಿಗೆ ಸಡಿಲ ಎಂಬ ದೂರು ಕೇಳಿ ಕೇಳಿ ತಲೆ ಕೆಟ್ಟು, ರವಿಕೆ ಬಿಟ್ಟು ಕಾರಿನ ಸೀಟಿಗೆ ರೆಕ್ಸಿನ್ ಕವರ್ ಹೊಲಿಯತೊಡಗಿದೆ. ಸೀಟಿಗೆ ಬಾಯಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನನ್ನಂಥವಳಿಗೆ ಅದು ಹೇಳಿ ಮಾಡಿಸಿದ ಕಸುಬು. ಹೊಲಿದ ಮೇಲೆ ಕಾರನ್ನು ಹಗರಿಬೊಮ್ಮನಹಳ್ಳಿಗೋ ಹಡಗಲಿಗೋ ಮುಟ್ಟಿಸಿ ಬರಬೇಕಾಗುತ್ತಿತ್ತು. ಅಣ್ಣನಿಗೆ ಪುರುಸೊತ್ತಿಲ್ಲ, ಹಾಗಾಗಿ ನಾನೇ ಕಲಿತು ಲೈಸೆನ್ಸ್ ತೆಗೆದೆ. ಕಾರು ಬಿಟ್ಟು ಬರುವಾಗ ಬಸ್ಸು. ಆ ರಸ್ತೆಗಳ ಒಂದೊಂದು ತಗ್ಗೂ ನನಗೆ ಬಾಯಿಪಾಠವಾಗಿತ್ತು.

ರೇಸಿನ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಟೂರಿಂಗ್ ಎಂದರೆ ಬೀದಿಯಲ್ಲಿ ಓಡಾಡುವ ನಾಲ್ಕು ಬಾಗಿಲ ಕಾರುಗಳ ರೇಸು. ಒಳಗೆ ಏನೇ ಬದಲಾಯಿಸಿರಲಿ, ಹೊರಗಿನಿಂದ ಅವು ಬ್ಯಾಂಕ್ ಮ್ಯಾನೇಜರು ಆಫೀಸಿಗೆ ತರುವ ಕಾರಿನ ಹಾಗೆಯೇ ಕಾಣುತ್ತವೆ. ಅರ್ಧ ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಆ ಅರ್ಧ ತಾಸೂ ಒಂದನ್ನೊಂದು ಉಜ್ಜುತ್ತ, ದಬ್ಬುತ್ತ, ಸಂತೆಯ ಬಸ್ಸಿಗೆ ಜನ ಹತ್ತುವ ಹಾಗೆ ನುಗ್ಗುತ್ತವೆ. ಜಿಟಿ ಎಂದರೆ ಎರಡು ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಸಿರಿವಂತರ ಕಾರುಗಳು. ಅವುಗಳ ರೇಸು ಮೂರು ತಾಸು, ಆರು ತಾಸು, ಕೆಲವೊಮ್ಮೆ ಒಂದು ಹಗಲು ಒಂದು ರಾತ್ರಿ ಪೂರ್ತಿ ನಡೆಯುತ್ತದೆ. ಒಬ್ಬ ದಣಿದಾಗ ಅದೇ ಕಾರಿಗೆ ಇನ್ನೊಬ್ಬ ಬಂದು ಕೂರುತ್ತಾನೆ. ಅಣ್ಣ ಜಿಟಿಯ ಕಡೆ, ನಾನು ಟೂರಿಂಗಿನ ಕಡೆ.

"ಆ ಸದ್ದು ಕೇಳಲೇ. ನಗಾರಿ ಬಾರಿಸಿದಂಗ ಐತಿ. ನಿನ್ನ ಟೂರಿಂಗ್ ಗಾಡಿ ಹಿಟ್ಟಿನ ಗಿರಣಿ ಸದ್ದು ಮಾಡ್ತಾವ" ಎನ್ನುತ್ತಿದ್ದ ಅಣ್ಣ.

"ಸದ್ದು ಕೇಳಾಕ ರೇಸ್ ಯಾಕ ಬೇಕು? ನಿನ್ನ ಜಿಟ್ಯಾಗ ಒಂದು ತಾಸು ನೋಡಿದ್ರೂ ಮುಂದಿನಾವ ಮುಂದ, ಹಿಂದಿನಾವ ಹಿಂದ. ನಡುವ ನಾನು ಒಂದು ಸೀಟು ಹೊಲಿದು ಬರಬಹುದು" ಎನ್ನುತ್ತಿದ್ದೆ ನಾನು.

ಕರೆಂಟಿನ ವಿಷಯಕ್ಕೆ ಬಂದರೆ ಮಾತ್ರ ನಾನು ಸೋಲುತ್ತಿದ್ದೆ. ಆಗ ದಿನಕ್ಕೆ ಐದಾರು ಸಲ ಕರೆಂಟ್ ಹೋಗುತ್ತಿತ್ತು. ಟೂರಿಂಗ್ ರೇಸಿನ ನಡುವೆ ಕರೆಂಟ್ ಹೋದರೆ ಮುಗಿಯಿತು. ಯಾರು ಯಾರನ್ನು ದಬ್ಬಿದರು, ಯಾರು ಗೆದ್ದರು, ಈ ಜನ್ಮದಲ್ಲಿ ತಿಳಿಯುವುದಿಲ್ಲ. ಜಿಟಿಯಲ್ಲಿ ಹಾಗಲ್ಲ. ಕರೆಂಟ್ ಹೋದ ಮೇಲೆ ಅಣ್ಣ ಊಟ ಮುಗಿಸಿ, ಒಂದು ನಿದ್ದೆ ತೆಗೆದು ಎದ್ದರೂ ರೇಸ್ ಇನ್ನೂ ನಡೆಯುತ್ತಲೇ ಇರುತ್ತಿತ್ತು. "ನೋಡು, ನಮ್ಮಂಥಾ ಊರಿಗೆ ಹೇಳಿ ಮಾಡಿದ ರೇಸಿದು" ಎಂದು ಮೀಸೆ ತಿರುವುತ್ತಿದ್ದ.

ಖರ್ಚಿನ ಮಾತು ಬಂದಾಗ ಗೆಲ್ಲುತ್ತಿದ್ದವಳು ನಾನು. ಊರಿನ ಡಾಕ್ಟರೊಬ್ಬರು ಓದಿ ಬಿಟ್ಟ ಇಂಗ್ಲಿಷಿನ ಕಾರು ಪತ್ರಿಕೆಗಳನ್ನು ನಮ್ಮ ಗ್ಯಾರೇಜಿಗೆ ಕೊಡುತ್ತಿದ್ದರು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ನಾನು ಅವನ್ನು ಓದಿ ಅಣ್ಣನಿಗೆ ಹೇಳುತ್ತಿದ್ದೆ. ಜಿಟಿ ಕಾರು ಒಂದರ ಟೈರು, ಬ್ರೇಕು, ಮೈಯ ತಗಡು, ಎಲ್ಲಕ್ಕೂ ಲೆಕ್ಕ ಮೀರಿದ ದುಡ್ಡು. ಹಾಗಾಗಿ ಅದರಲ್ಲಿ ಒಬ್ಬ ಶ್ರೀಮಂತನೂ ಒಬ್ಬ ಪಳಗಿದ ಡ್ರೈವರನೂ ಜೊತೆಯಾಗಿ ಓಡಿಸುತ್ತಾರೆಂದು ಓದಿ ಹೇಳಿದಾಗ ಅಣ್ಣ ಬಹಳ ಹೊತ್ತು ನಕ್ಕ. "ಅಂದ್ರ ದುಡ್ಡು ಇದ್ದಾವ ಅರ್ಧ ಓಡಿಸ್ತಾನ, ಓಡಿಸಾಕ ಬರಾವ ಅರ್ಧ ಓಡಿಸ್ತಾನ. ಛಲೋ ಐತಿ." ಟೂರಿಂಗ್ ಕಾರಿನ ಬಾಗಿಲು ನಜ್ಜಾದರೆ ಇನ್ನೊಂದು ಬಾಗಿಲು ಹಾಕಿ ಮಧ್ಯಾಹ್ನದ ರೇಸಿಗೆ ಬಿಡುತ್ತಾರೆ. ಜಿಟಿಯವರು ರೇಷ್ಮೆ ಸೀರೆ ಉಟ್ಟವರು ಕೆಸರು ದಾಟುವ ಹಾಗೆ ಒಬ್ಬರಿಗೊಬ್ಬರು ಸೋಕದಂತೆ ಓಡಿಸುತ್ತಾರೆ. ಕಾಸು ಕಳೆದುಕೊಳ್ಳುವ ಭಯವಿದ್ದಲ್ಲಿ ರೇಸಿನ ರುಚಿ ಎಲ್ಲಿಂದ ಬರಬೇಕು ಎಂಬುದು ನನ್ನ ವಾದ.

ಟೂರಿಂಗಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಒಂದು ರೇಸಿನಲ್ಲಿ ಗೆದ್ದವನ ಕಾರಿಗೆ ಮುಂದಿನ ರೇಸಿನಲ್ಲಿ ಕಬ್ಬಿಣದ ತೂಕ ಹೇರುತ್ತಾರೆ, ಎಲ್ಲರೂ ಸರಿಸಮ ಓಡಲಿ ಎಂದು. ಇದನ್ನು ಕೇಳಿ ಅಣ್ಣನಿಗೆ ಸಿಟ್ಟು ಬಂತು. ಗೆದ್ದದ್ದಕ್ಕೆ ಶಿಕ್ಷೆಯೇ ಎಂದ. ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವ್ವ ಮಾತ್ರ ಮೊದಲ ಸಲ ರೇಸಿನ ಬಗ್ಗೆ ಒಳ್ಳೆಯ ಮಾತಾಡಿದಳು. "ಇದು ಖರೇ ಐತಿ. ಎಲ್ಲಾ ಮನ್ಯಾಗೂ ದುಡಿಯಾರ ಮ್ಯಾಲೇ ಹೇರೋದು."

ಇನ್ನು ನಮ್ಮ ಮನೆಯ ಸೋಮವಾರದ ಮಾತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ದಿನ ಅದು. ಎಷ್ಟೇ ಹದವಿರಲಿ, ಎಂಥ ಬಿತ್ತನೆಯ ಅವಸರವಿರಲಿ, ಅಂದು ನೊಗ ಕೊಟ್ಟಿಗೆಯ ಗೋಡೆಗೇ ಒರಗಿರಬೇಕು. ನಮ್ಮಪ್ಪ ಇದನ್ನು ಬದುಕಿರುವ ತನಕ ಒಂದು ವಾರವೂ ತಪ್ಪಿಸಲಿಲ್ಲ. ಅಪ್ಪ ಹೋದ ಮೇಲೆ ಹೊಲ ಪಾಲಿಗೆ ಹೋಯಿತು, ಎತ್ತು ಮಾರಿದೆವು, ಅಣ್ಣ ಗ್ಯಾರೇಜ್ ತೆರೆದ. ಎತ್ತು ಹೋದರೂ ಸೋಮವಾರ ಹೋಗಲಿಲ್ಲ. ಸೋಮವಾರ ಅಣ್ಣ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ, ಎಂಜಿನ್ ಚಾಲೂ ಮಾಡುತ್ತಿರಲಿಲ್ಲ. "ಎತ್ತಿನ ಬದಲಿ ಬಂದದ್ದಕ್ಕ ಎತ್ತಿನ ರಜಾನೂ ಕೊಡಬೇಕು" ಎನ್ನುತ್ತಿದ್ದ. ಗಿರಾಕಿಗಳಿಗೂ ಅದು ಗೊತ್ತಿತ್ತು. ಅಂದು ಕಾರುಗಳು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತಿದ್ದುದರಿಂದ ಸೀಟು ಬಿಚ್ಚಿ ಹೊಲಿಯಲು ನನಗೆ ಸೋಮವಾರವೇ ಅನುಕೂಲ. ಅಣ್ಣ ಕಟ್ಟೆಯ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದರೆ ನಾನು ಒಳಗೆ ಮಷಿನ್ ತುಳಿಯುತ್ತಿದ್ದೆ.

ಹೀಗಿರುವಾಗ ಒಂದು ಬೇಸಿಗೆಯ ಕೊನೆಯಲ್ಲಿ ದಾವಣಗೆರೆಯ ಟ್ಯಾಕ್ಸಿಯವರೊಬ್ಬರು ಗ್ಯಾರೇಜಿಗೆ ಒಂದು ಕರಪತ್ರ ತಂದರು. ಹರಪನಹಳ್ಳಿಯ ಹೊರಗೆ ಬೀಳುಬಿದ್ದ ಕೆಂಪು ನೆಲದಲ್ಲಿ ಸುತ್ತುದಾರಿ ಹಾಕಿ ಕಾರಿನ ರೇಸ್ ಮಾಡುತ್ತಾರಂತೆ. ಎರಡು ವರ್ಗ. ಒಂದು ಸಾದಾ ವರ್ಗ, ಕಂಪನಿಯಿಂದ ಬಂದ ಹಾಗೇ ಇರುವ ಕಾರುಗಳಿಗೆ. ಇನ್ನೊಂದು ಓಪನ್, ಎಂಜಿನ್ ಬಿಚ್ಚಿ ಏನು ಬೇಕಾದರೂ ಮಾಡಿದ ಕಾರುಗಳಿಗೆ. ನಾವು ಇಬ್ಬರೂ ಆ ಕಾಗದವನ್ನು ಒಟ್ಟಿಗೆ ಓದಿದೆವು. ಇಷ್ಟು ವರ್ಷ ಟಿವಿಯೊಳಗಿದ್ದ ಜಗಳ ಅಂಗಳಕ್ಕೆ ಬಂದು ನಿಂತಿತ್ತು.

ನಮ್ಮ ಹತ್ತಿರ ಒಂದು ಸಣ್ಣ ಕಾರಿತ್ತು. ಮರಕ್ಕೆ ಗುದ್ದಿದ್ದನ್ನು ಮಾಲೀಕರು ಬೇಡವೆಂದು ಬಿಟ್ಟಾಗ ಅಣ್ಣ ಕೊಂಡು ಆರು ತಿಂಗಳು ಕೂತು ಸರಿಮಾಡಿದ್ದ. ಅಣ್ಣ ಅದನ್ನು ಓಪನ್ ವರ್ಗಕ್ಕೆ ಇಳಿಸುವ ಯೋಚನೆಯಲ್ಲಿದ್ದ. ಎಂಜಿನ್ ಕೊರೆಸಬೇಕು, ಕಾರ್ಬುರೇಟರ್ ಬದಲಾಯಿಸಬೇಕು, ಸೈಲೆನ್ಸರ್ ಕಿತ್ತು ಹಾಕಬೇಕು. ಅವನಿಗೆ ಆ ನಗಾರಿಯ ಸದ್ದು ಬೇಕಿತ್ತು. ನಾನು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದೆ. ಸಾದಾ ವರ್ಗಕ್ಕೆ ಬೇಕಾದದ್ದು ಗಟ್ಟಿ ಬೆಲ್ಟು, ಒಂದು ಹೆಲ್ಮೆಟ್ಟು, ಕಾರು ಮಗುಚಿದರೆ ತಲೆ ಕಾಯಲು ಒಳಗೆ ಒಂದು ಕಬ್ಬಿಣದ ಕಮಾನು. ಎರಡು ದಿನ ಮಾತು ಬಿಟ್ಟೆವು. ಮೂರನೆಯ ದಿನ ಅಣ್ಣ ಹೊಸಪೇಟೆಗೆ ಫೋನ್ ಮಾಡಿ ಬೆಲೆಗಳನ್ನೆಲ್ಲ ಕೇಳಿ, ಫೋನ್ ಇಟ್ಟು, "ಸಾದಾನ ಇರ್ಲಿ ಬಿಡು" ಎಂದ.

ಗೆದ್ದೆನಲ್ಲ, ಕೂಡಲೇ ಇನ್ನೊಂದು ಬೇಡಿಕೆ ಇಟ್ಟೆ. ಒಂದೇ ಕಾರನ್ನು ಇಬ್ಬರ ಹೆಸರಿನಲ್ಲಿ ಬರೆಸಬಹುದೆಂದು ಕರಪತ್ರದಲ್ಲಿತ್ತು. ಮೊದಲ ಸುತ್ತು ಗಡಿಯಾರ ಹಿಡಿದು ಒಬ್ಬೊಬ್ಬರೇ ಓಡಿಸುವುದು. ಅದರಲ್ಲಿ ಹೆಚ್ಚು ವೇಗವಾಗಿ ಓಡಿದ ಆರು ಕಾರು ಒಟ್ಟಿಗೆ ಫೈನಲ್ ಓಡುತ್ತವೆ. ಕಾರಿಗೆ ಇಬ್ಬರ ಹೆಸರಿದ್ದರೂ ಫೈನಲ್ಲಿನಲ್ಲಿ ಒಬ್ಬರೇ ಕೂರಬೇಕು. "ನನ್ನ ಹೆಸರೂ ಬರಿ" ಎಂದೆ. ನನಗೆ ಆ ಫೈನಲ್ ಬೇಕಿತ್ತು. ಬೇರೆಯವರ ಕಾರನ್ನು ಗೀರು ಬೀಳದ ಹಾಗೆ ಮುಟ್ಟಿಸಿ ಬರುವುದೇ ನನ್ನ ಡ್ರೈವಿಂಗ್ ಆಗಿತ್ತು. ಒಮ್ಮೆಯಾದರೂ ಗೀರು ಬಿದ್ದರೆ ಬೀಳಲಿ ಎಂದು ಓಡಿಸುವ ಆಸೆ ಹೊಟ್ಟೆಯಲ್ಲಿ ಕೂತಿತ್ತು, ಅದನ್ನು ಯಾರ ಮುಂದೆ ಹೇಳಿದರೂ ನಗುತ್ತಿದ್ದರು. ಅಣ್ಣ ನಗಲಿಲ್ಲ. "ಟೈಮಿನಾಗ ಯಾರು ಜೋರೋ ಅವರು ಫೈನಲ್" ಎಂದು ಎರಡೂ ಹೆಸರು ಬರೆದ.

ಭಾನುವಾರ ಬೆಳಗ್ಗೆ ಹರಪನಹಳ್ಳಿಗೆ ಹೋದೆವು. ಇಪ್ಪತ್ತರ ಮೇಲೆ ಕಾರುಗಳು ಬಂದಿದ್ದವು. ಹೆಲ್ಮೆಟ್ಟಿನೊಳಗೆ ನನ್ನ ಜಡೆ ಹಿಡಿಸಲಿಲ್ಲ, ಕೊನೆಗೆ ಕುತ್ತಿಗೆಗೆ ಸುತ್ತಿಕೊಂಡು ಹಾಕಿಕೊಂಡೆ. ಅಣ್ಣ ಮೊದಲು ಓಡಿಸಿದ, ಆಮೇಲೆ ನಾನು. ಧೂಳು ಎಷ್ಟಿತ್ತೆಂದರೆ ತಿರುವನ್ನು ಕಣ್ಣಿನಿಂದಲ್ಲ, ನೆನಪಿನಿಂದ ತಿರುಗಿಸಬೇಕಿತ್ತು. ಅಣ್ಣ ನನಗಿಂತ ಒಂದು ಸೆಕೆಂಡಿನಷ್ಟು ಮುಂದಿದ್ದ. ಒಂದೇ ಒಂದು ಸೆಕೆಂಡು. ನಮ್ಮ ಕಾರು ಐದನೆಯದಾಗಿ ಫೈನಲ್ಲಿಗೆ ಬಂತು, ಫೈನಲ್ ಅಣ್ಣನದಾಯಿತು. ನಾನು ನಕ್ಕು ಬೆನ್ನು ತಟ್ಟಿದೆ, ಆದರೆ ಹೊಟ್ಟೆಯೊಳಗೆ ಉರಿದದ್ದನ್ನು ಇವತ್ತು ಮುಚ್ಚಿಡುವುದಿಲ್ಲ.

ಮೂರು ಗಂಟೆಗೆ ಫೈನಲ್ ಎಂದಿದ್ದರು. ಎರಡಕ್ಕೆ ಪಡುವಣದಿಂದ ಮೋಡ ಎದ್ದು, ಆ ವರ್ಷದ ಮೊದಲ ದೊಡ್ಡ ಮಳೆ ಸುರಿಯಿತು. ಸುತ್ತುದಾರಿಯೆಲ್ಲ ಕೆಂಪು ಗಂಜಿಯಾಯಿತು. ರೇಸ್ ನಡೆಸುತ್ತಿದ್ದ ಹಿರಿಯರು ಕೊಡೆ ಹಿಡಿದು ಬಂದು, "ಇವತ್ತು ಆಗಲ್ಲ. ನಾಳೆ ಹತ್ತು ಗಂಟೆಗೆ ಇಟ್ಕೊಂಡಿದೀವಿ. ಗಾಡಿಗಳು ಇಲ್ಲೇ ಇರ್ಲಿ, ಕಾವಲಿಗೆ ಜನ ಐತೆ" ಎಂದರು.

ಎಲ್ಲರೂ ಸರಿ ಎಂದರು. ನಾನು ಅಣ್ಣನ ಮುಖ ನೋಡಿದೆ. ಮಳೆಯಲ್ಲಿ ನೆನೆಯುತ್ತ ಅವನು, "ನಾಳೆ ಸೋಮವಾರ" ಎಂದ.

ಕೊಟ್ಟೂರಿನ ಬಸ್ಸಿನುದ್ದಕ್ಕೂ ವಾದ ಮಾಡಿದೆ. ಅವನದು ಒಂದೇ ಮಾತು. ಅಪ್ಪ ಬಿತ್ತನೆಯ ಹದ ಬಿಟ್ಟವನು, ತಾನು ಒಂದು ಆಟಕ್ಕಾಗಿ ಸೋಮವಾರ ಮುರಿಯುವುದಿಲ್ಲ. ಹಾಗಾದರೆ ನಾನು ಓಡಿಸುತ್ತೇನೆ ಎಂದೆ. ಅದಕ್ಕೂ ತಲೆಯಾಡಿಸಿದ. "ನಾನು ಕುಂತ್ರೇನು ನೀ ಕುಂತ್ರೇನು, ನೊಗ ಗಾಡಿದು. ಗಾಡಿಗೂ ಸೋಮವಾರ." ಬೆಳಗ್ಗೆ ಹೋಗಿ ಹೆಸರು ಹಿಂದೆ ತೆಗೆದುಕೊಳ್ಳುವುದು, ಏಳನೆಯ ಕಾರಿನವರಿಗೆ ಜಾಗ ಬಿಡುವುದು ಎಂದು ತೀರ್ಮಾನಿಸಿಬಿಟ್ಟಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು ನನಗೆ. ಅದೂ ಎರಡು ಸಲ, ಒಂದೇ ದಿನದಲ್ಲಿ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ನಾನು ಅಳುತ್ತ, ಬಯ್ಯುತ್ತ, ಎಲ್ಲವನ್ನೂ ಹೇಳಿದೆ. ಅಳುವುದಕ್ಕೆ ನಾಚಿಕೆಯಾಯಿತು, ಆದರೂ ಅತ್ತೆ. ಅಣ್ಣ ಬಾಗಿಲಲ್ಲಿ ನಿಂತು, "ಅವ್ವಾ, ನೀನ ಹೇಳು. ಅಪ್ಪ ಇದ್ದಿದ್ರ ಗಾಡಿ ಹೂಡಾಕ ಬಿಡ್ತಿದ್ನೇನು?" ಎಂದ.

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅವಳಿಗೆ ಯಾವತ್ತೂ ಮಾತಿಗೆ ಅವಸರವಿಲ್ಲ.

"ನಿಮ್ಮಪ್ಪ ಸೋಮವಾರ ಎತ್ತು ಹೂಡ್ತಿದ್ದಿಲ್ಲ. ಖರೇ ಐತಿ. ಎತ್ತಿಗೆ ಮೇವು ಹಾಕಿ ಕಟ್ಟಿ ಮ್ಯಾಲೆ ಕುಂದ್ರತಿದ್ದ. ಮಧ್ಯಾಹ್ನ ಆತಂದ್ರ ಒಳಗ ಬಂದು ಉಣ್ತಿದ್ದ. ಆ ರೊಟ್ಟಿ ಯಾರು ಬಡೀತಿದ್ರು?"

ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿದ.

"ನಾ ಈ ಮನಿಗೆ ಬಂದಾಗಿಂದ ಒಂದು ಸೋಮವಾರ ಈ ಒಲಿ ಆರಿಲ್ಲ. ನಿನ್ನ ತಂಗಿ ಸೋಮವಾರ ಬಂತಂದ್ರ ಮುಂಜಾನಿಂದ ಸಂಜಿತನಕ ಮಷಿನ್ ತುಳೀತಾಳ. ನೀ ಕಟ್ಟಿ ಮ್ಯಾಲೆ ಕುಂತು ಆ ಸದ್ದು ಕೇಳ್ತೀ. ಅದು ಮಷಿನ್ ಅಲ್ಲೇನು? ಅದಕ್ಕ ನೊಗ ಇಲ್ಲೇನು? ಒಂದು ದಿನರ ನಿಂದ್ರಸಲೇ ಅಂದೀಯೇನು?"

"ಅದು ಬ್ಯಾರೆ ಅವ್ವಾ" ಎಂದ ಅಣ್ಣ. ಆದರೆ ದನಿ ಇಳಿದಿತ್ತು.

"ಏನು ಬ್ಯಾರೆ? ಈ ಮನ್ಯಾಗ ಹೆಣ್ಮಕ್ಕಳಿಗೆ ಸೋಮವಾರ ಇಲ್ಲ. ಇಷ್ಟು ವರ್ಷ ಇಲ್ಲದ್ದು ನಾಳೆ ಎಲ್ಲಿಂದ ಬಂತು? ನೀ ನಿನ್ನ ಸೋಮವಾರ ಮಾಡು. ಆಕಿ ಓಡಿಸ್ಲಿ."

ಅಷ್ಟು ಹೇಳಿ ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ನಾನು ಅಳು ನಿಲ್ಲಿಸಿದ್ದೆ. ಅವ್ವ ನನ್ನ ಪರ ಮಾತಾಡಿದ ಸಂತೋಷಕ್ಕಿಂತ, ಇಷ್ಟು ವರ್ಷ ಅವಳು ಇದನ್ನೆಲ್ಲ ಎಣಿಸುತ್ತಲೇ ಇದ್ದಳಲ್ಲ ಎಂಬುದು ನನಗೆ ದೊಡ್ಡದಾಗಿ ಕಂಡಿತು. ನಾನಾಗಲಿ ಅಣ್ಣನಾಗಲಿ ಒಮ್ಮೆಯೂ ಎಣಿಸಿರಲಿಲ್ಲ. ಅಣ್ಣ ಉಣ್ಣದೆ ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು, ನನ್ನ ಪಕ್ಕ ಕೂತು, ಕಾರಿನ ಕೀಲಿಯನ್ನು ನನ್ನ ತಟ್ಟೆಯ ಹತ್ತಿರ ಇಟ್ಟು ಉಂಡ.

ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆವು. "ಸರ್ಕಾರದ ಬಸ್ಸಿಗೆ ಸೋಮವಾರ ಇಲ್ಲೇನು?" ಎಂದು ಕೆಣಕಿದೆ. "ಅದು ಸರ್ಕಾರದ ಪಾಪ" ಎಂದ. ಹರಪನಹಳ್ಳಿಯಲ್ಲಿ ಆ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಸರು ಇರೋದ್ರಿಂದ ಅಡ್ಡಿ ಇಲ್ಲಮ್ಮ. ಆದ್ರೆ ಟೈಮು ನಿಮ್ಮಣ್ಣಂದು. ಡ್ರೈವರ್ ಬದಲಾದ್ರೆ ಕೊನೇಲಿ ನಿಲ್ಲಬೇಕು, ಅದು ರೂಲು ಐತೆ" ಎಂದರು. ಕೊನೆಯಾದರೇನು ಎಂದುಕೊಂಡೆ. ಟೂರಿಂಗಿನಲ್ಲಿ ಮಜಾ ಇರುವುದೇ ಹಿಂದಿನಿಂದ ಬರುವವರಿಗೆ.

ಬಿಸಿಲು ಬಂದಿತ್ತು. ಮೇಲೆ ಒಣಗಿ ಒಳಗೆ ಹಸಿಯಿದ್ದ ಕೆಂಪು ನೆಲ, ಧೂಳಿನ ಹೆಸರಿಲ್ಲ. ಅಣ್ಣ ಸೋಮವಾರದ ಮನುಷ್ಯನಾಗಿ ಎರಡೂ ಕೈ ಜೇಬಿನಲ್ಲಿಟ್ಟು, ಬಾನೆಟ್ಟಿಗೂ ಬೆರಳು ಸೋಕಿಸದೆ, ಕಿಟಕಿಯ ಹತ್ತಿರ ಬಗ್ಗಿ ಹೇಳಿದ. "ಎರಡನೇ ಗೇರ್ ಜೋರಾಗಿ ಎಳೀಬ್ಯಾಡ, ಸಿಗೋದಿಲ್ಲ. ಮತ್ತ, ಬಾಗಿಲ ಚಿಂತಿ ಮಾಡಬ್ಯಾಡ."

ಬಾವುಟ ಬಿತ್ತು. ಮೊದಲ ತಿರುವಿನಲ್ಲಿ ಐದೂ ಕಾರು ಒಳಬದಿಗೆ ನುಗ್ಗಿದವು. ಮಳೆಯಾದ ಮರುದಿನ ಹಡಗಲಿಯ ರಸ್ತೆಯಲ್ಲಿ ಓಡಿಸಿದವರಿಗೆ ಗೊತ್ತು, ಎಲ್ಲರೂ ಹೋದ ಜಾಡಿನಲ್ಲಿ ಕೆಸರು ಮೇಲೆದ್ದಿರುತ್ತದೆ, ಅಂಚಿನ ಹುಲ್ಲಿನ ಮೇಲೆ ಗಾಲಿ ಕಚ್ಚುತ್ತದೆ. ನಾನು ಹೊರಗಿನ ಅಂಚು ಹಿಡಿದೆ. ಒಳಗಿನವರು ಒಬ್ಬರ ಮೇಲೊಬ್ಬರು ಜಾರುತ್ತಿರುವಾಗ ಎರಡು ಕಾರು ದಾಟಿದೆ. ನಾಲ್ಕನೆಯ ಸುತ್ತಿನಲ್ಲಿ ನನ್ನ ಮುಂದಿದ್ದ ಒಂದು ಬಿಳಿ ಕಾರಿನ ಪಕ್ಕಕ್ಕೆ ಬಂದೆ, ಅದು ನನ್ನ ಬಾಗಿಲಿಗೆ ದಬ್ಬಿತು. ತಗಡು ನರಳಿದ ಸದ್ದು ಕೇಳಿತು. ಬೇರೆ ದಿನವಾಗಿದ್ದರೆ ಬ್ರೇಕ್ ಒತ್ತುತ್ತಿದ್ದೆ, ಗಿರಾಕಿಗೆ ಏನು ಹೇಳಲಿ ಎಂದು ಎದೆ ಒಡೆದುಕೊಳ್ಳುತ್ತಿದ್ದೆ. ಅಂದು ಕಾಲು ತೆಗೆಯಲಿಲ್ಲ. ನಾನೂ ದಬ್ಬಿದೆ. ಹೆಲ್ಮೆಟ್ಟಿನೊಳಗೆ ನಾನು ನಗುತ್ತಿದ್ದೆ ಎಂಬುದು ನನಗೆ ಆಮೇಲೆ ದವಡೆ ನೋಯತೊಡಗಿದಾಗ ತಿಳಿಯಿತು.

ಬಿಳಿ ಕಾರು ಹಿಂದೆ ಬಿತ್ತು. ನಾನು ಮೂರನೆಯವಳಾಗಿದ್ದೆ. ಎಂಟನೆಯ, ಕೊನೆಯ ಸುತ್ತಿನಲ್ಲಿ ಅವಸರಪಟ್ಟು ಎರಡನೇ ಗೇರನ್ನು ಜೋರಾಗಿ ಎಳೆದೆ. ಅದು ಸಿಗಲಿಲ್ಲ. ಸಿಗುವಷ್ಟರಲ್ಲಿ ಬಿಳಿ ಕಾರು ದಾಟಿ ಹೋಗಿತ್ತು. ನಾಲ್ಕನೆಯವಳಾಗಿ ಮುಗಿಸಿದೆ. ಕಪ್ಪು ಮೂವರಿಗೆ ಮಾತ್ರ.

ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಇಳಿದು, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಹೆಲ್ಮೆಟ್ಟಿಗೆ ಬೈದು ಸೀಟಿಗೆಸೆದೆ. ಅಣ್ಣ ಕಾರಿನ ಸುತ್ತ ಒಂದು ಸಲ ಬಂದ. ಟಿವಿಯಲ್ಲಿ ಬಾಗಿಲು ನಜ್ಜಾದರೂ ಬೆಲೆ ಲೆಕ್ಕ ಹಾಕುತ್ತಿದ್ದ ಮನುಷ್ಯ, ಅಂದು ಬಾಯಿ ತುಂಬ ನಗುತ್ತಿದ್ದ. "ಆ ಬಿಳಿ ಗಾಡಿಯಾವ ಏನಂದ ಗೊತ್ತೇನು? ಆಕಿ ಯಾರ್ರಿ, ದಾರಿ ಬಿಡಂಗೇ ಇಲ್ಲ ಅಂದ. ನನ್ನ ತಂಗಿ ಅಂದೆ."

ತಿರುಗಿ ಬರುವಾಗ ಬಸ್ಸಿಗೆ ಬರುತ್ತೇನೆಂದು ಹೊರಟವನನ್ನು ಕಾರಿಗೆ ಹತ್ತಿಸಿಕೊಂಡೆ. ಬಸ್ಸಿಗೂ ಗಾಲಿ ಇವೆ, ಕಾರಿಗೂ ಗಾಲಿ ಇವೆ, ಓಡಿಸುವವಳು ನಾನು, ಪಾಪ ನನಗಿರಲಿ ಎಂದೆ. ದಾರಿಯಲ್ಲಿ ಅವನು, "ಜಿಟ್ಯಾಗ ಇಷ್ಟು ಮಜಾ ಇಲ್ಲ ಬಿಡು" ಎಂದು ಒಪ್ಪಿಕೊಂಡ. ಅವನು ಒಂದು ಹೆಜ್ಜೆ ಬಂದ ಮೇಲೆ ನಾನೂ ಒಂದು ಹೆಜ್ಜೆ ಹೋಗಬೇಕಲ್ಲ. ಒಬ್ಬರು ಎದ್ದಾಗ ಅದೇ ಸೀಟಿಗೆ ಇನ್ನೊಬ್ಬರು ಬಂದು ಕೂರುವುದು ಜಿಟಿಯ ಪದ್ಧತಿ, ನಿನ್ನೆ ನೀನು ಇವತ್ತು ನಾನು, ಅದಿಲ್ಲದಿದ್ದರೆ ನನಗೆ ಈ ಫೈನಲ್ಲೇ ಇರಲಿಲ್ಲ ಎಂದೆ. ಇಬ್ಬರೂ ಅರ್ಧರ್ಧ ಸೋತು ಜಗಳ ಮುಗಿಸಿದೆವು. ಆಮೇಲೆ ಐದಾರು ವರ್ಷ ದಾವಣಗೆರೆ, ಚಿತ್ರದುರ್ಗದ ಕಡೆ ಎಲ್ಲಿ ಮಣ್ಣಿನ ರೇಸ್ ಆದರೂ ಇಬ್ಬರ ಹೆಸರನ್ನೂ ಬರೆಸಿದೆವು. ಎರಡು ಕಪ್ಪು ಬಂದವು, ಒಂದು ಅವನದು, ಒಂದು ನನ್ನದು.

ಅಂದು ಸಂಜೆ ಅವ್ವ ನಜ್ಜಾದ ಬಾಗಿಲನ್ನು ಮುಟ್ಟಿ ನೋಡಿ, "ಎಷ್ಟನೇದಾಕಿ?" ಎಂದು ಕೇಳಿದಳು. ನಾಲ್ಕನೆಯವಳು ಎಂದೆ. "ಆರು ಮಂದ್ಯಾಗ ನಾಕು. ಛಲೋ ಆತು" ಎಂದು ಒಳಗೆ ಹೋದಳು. ಅಷ್ಟಕ್ಕೇ ಮುಗಿಯಿತೆಂದು ನಾವು ತಿಳಿದಿದ್ದೆವು.

ಮುಂದಿನ ಸೋಮವಾರ ಬೆಳಗ್ಗೆ ಹಡಗಲಿಯವರ ಕಾರಿನ ಸೀಟು ಬಿಚ್ಚಿಕೊಂಡು ನಾನು ಮಷಿನ್ ಮುಂದೆ ಕೂತಿದ್ದೆ. ಎಂಟು ಗಂಟೆಯಾದರೂ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದಿಲ್ಲ. ಅಣ್ಣ ಪೇಪರ್ ಹಿಡಿದು ಕಟ್ಟೆಗೆ ಬಂದರೆ ಅವನ ಜಾಗದಲ್ಲಿ ಅವ್ವ ಕೂತಿದ್ದಳು, ತಲೆ ಬಾಚಿ, ಕಾಲು ಚಾಚಿ, ರಸ್ತೆ ನೋಡುತ್ತ. ಮೈಗೆ ಹುಷಾರಿಲ್ಲವೇನೋ ಎಂದು ಅವನಿಗೆ ಗಾಬರಿಯಾಯಿತು.

"ಅವ್ವಾ, ಒಲಿ ಹಚ್ಚಿಲ್ಲೇನು?"

"ಸೋಮವಾರ" ಎಂದಳು ಅವ್ವ.

ನಾನು ಮಷಿನ್ನಿನಿಂದ ಕಾಲು ತೆಗೆದು, ಎದ್ದು ಹೋಗಿ ಅವ್ವನ ಪಕ್ಕ ಕೂತೆ. ಅವಳು ಸರಿದು ಜಾಗ ಕೊಟ್ಟಳು. ಅಣ್ಣ ಪೇಪರನ್ನು ನನ್ನ ಕೈಗಿತ್ತು, ಬಸ್ ಸ್ಟ್ಯಾಂಡಿನ ತನಕ ನಡೆದೇ ಹೋಗಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಅವ್ವ ಕೂತಲ್ಲಿಂದಲೇ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು. ಒಂದು ಮೆಣಸಿನಕಾಯಿ ಕಡಿದು, ಉಪ್ಪು ಕಡಿಮೆ ಎಂದಳು.